ಸೆಟ್ಟಕ್ಕನ ಹಡಗು ಕಳುವಾದದ್ದು

ಹಲ್ಲಿನ ಸೆಟ್ ಮಾಡುವವರಿಗೆ ಸಿಟ್ಟು ಇರಬಾರದು. ಸಿಟ್ಟು ಬಂದರೆ ಕೈ ನಡುಗುತ್ತದೆ. ಕೈ ನಡುಗಿದರೆ ಮೇಣದಲ್ಲಿ ಕೂರಿಸಿದ ಹಲ್ಲು ಕೂದಲೆಳೆಯಷ್ಟು ವಾಲುತ್ತದೆ. ಅಷ್ಟು ವಾಲಿದರೆ ಸಾಕು, ಹಾಕಿಕೊಂಡವರು ವಾರವಿಡೀ ಒಸಡು ಒತ್ತಿಕೊಂಡು, ಮಾಡಿಕೊಟ್ಟವರಿಗೆ ಶಾಪ ಹಾಕುತ್ತಾರೆ. ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದ್ದ ಸೆಟ್ಟಕ್ಕನ ಕೈ ಒಂದು ದಿನವೂ ನಡುಗಿರಲಿಲ್ಲ. ಸಿಟ್ಟು ಬರುತ್ತಿರಲಿಲ್ಲ ಎಂದಲ್ಲ, ಅದು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಲ್ಯಾಬಿಗೆ ಬಂದಾಗ ಅದನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದಳು, ಅಷ್ಟೆ.

ಸೆಟ್ಟಕ್ಕ ಎಂಬುದು ಕ್ಲಿನಿಕ್ಕಿಗೆ ಬರುವ ಬೊಚ್ಚುಬಾಯಿಯ ಮುದುಕರು ಇಟ್ಟ ಹೆಸರು. ದಂತವೈದ್ಯರು ಮುಂದಿನ ಕೋಣೆಯಲ್ಲಿ ಅಳತೆ ತೆಗೆಯುವರು, ಹಿಂದಿನ ಕೋಣೆಯಲ್ಲಿ ಇವಳು ಸೆಟ್ ಮಾಡುವಳು. ಒಂದೇ ಕಿಟಕಿಯ ಕೋಣೆ, ಮೇಜಿನ ಮೇಲೆ ಸ್ಪಿರಿಟ್ ದೀಪ, ಮೇಣದ ಚಾಕು, ಗೋಡೆಯ ಹಲಗೆಗಳ ಮೇಲೆ ಊರವರ ದವಡೆಗಳ ಬಿಳಿ ಅಚ್ಚುಗಳು ಸಾಲಾಗಿ. ನಲವತ್ತೇಳು ವರ್ಷದವಳು, ಮದುವೆಯಾಗಿರಲಿಲ್ಲ. ತಂದೆ ಬಿಟ್ಟುಹೋದ ಮನೆಯಲ್ಲಿ ಅಕ್ಕ ಮತ್ತು ಭಾವನ ಜೊತೆ ಇದ್ದಳು. ಅಕ್ಕ ಶಾಲೆಯೊಂದರಲ್ಲಿ ಕ್ಲರ್ಕ್. ಭಾವ ಹಿಂದೆ ಟೈಪಿಂಗ್ ಶಾಲೆ ನಡೆಸುತ್ತಿದ್ದವರು, ಈಗ ಮನೆಯಲ್ಲೇ.

ಎಂಟು ವರ್ಷದ ಹಿಂದೆ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡು ಎರಡು ತಿಂಗಳು ಮಲಗಿದ್ದಾಗ, ಹೊತ್ತು ಹೋಗದೆ, ಅವಳು ಕಂಪ್ಯೂಟರಿನಲ್ಲಿ ಒಂದು ಹಡಗಿನ ಆಟ ಶುರು ಮಾಡಿದ್ದಳು. ಆನ್‌ಲೈನ್ ಆಟ. ಸಣ್ಣ ದೋಣಿಯಿಂದ ಆರಂಭಿಸಿ, ಸಮುದ್ರದಲ್ಲಿ ಸಿಕ್ಕವರನ್ನು ಜೊತೆಗೆ ಸೇರಿಸಿಕೊಂಡು, ಹಲಗೆ ಹಲಗೆ ಕೂಡಿಸಿ ಹಡಗು ಕಟ್ಟಬೇಕು. ಕಾಲು ಕೂಡಿಕೊಂಡಿತು, ಆಟ ಬಿಡಲಿಲ್ಲ. ಎಂಟು ವರ್ಷದಲ್ಲಿ ಅವಳದು ಮೂರು ಹಾಯಿಯ ದೊಡ್ಡ ಹಡಗಾಗಿತ್ತು. ಅದರಲ್ಲಿ ಇದ್ದವರು ನಾಲ್ಕೇ ಜನ. ಚುಕ್ಕಾಣಿ ಹಿಡಿಯುವವನು ನಿಜ ಜೀವನದಲ್ಲಿ ಬಸ್ ಡ್ರೈವರ್. ತೋಪು ಹಾರಿಸುವವಳು ಒಬ್ಬ ನರ್ಸಮ್ಮ, ದಿನವಿಡೀ ರೋಗಿಗಳಿಗೆ ಸಮಾಧಾನ ಹೇಳಿ ಬಂದು ಸಂಜೆ ಕಂಡವರ ಹಡಗು ಮುಳುಗಿಸುತ್ತಿದ್ದಳು. ಗಾಳಿಯನ್ನೂ ದಿಕ್ಕನ್ನೂ ನೋಡುವವರು ಗಡಿಯಾರದ ತಾತ. ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮನುಷ್ಯ, ಸೊಂಟದ ಮೂಳೆ ಮುರಿದು ಆರು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಅವರು ದಿನಕ್ಕೊಮ್ಮೆ ಮನೆ ಬಿಟ್ಟು ಹೊರಗೆ ಹೋಗುತ್ತಿದ್ದದ್ದು ಈ ಹಡಗಿನಲ್ಲಿ ಮಾತ್ರ.

ನಾಲ್ವರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ, ಕೇಳಿದ್ದು ದನಿ ಮಾತ್ರ. ಸೆಟ್ಟಕ್ಕ ಅವರಿಗೆ ಕ್ಯಾಪ್ಟನ್ನಮ್ಮ. ಹಡಗಿನಲ್ಲಿ ಅವಳು ಮಾಡಿದ ಕಾನೂನು ಒಂದೇ: ಕ್ಯಾಪ್ಟನ್ ಏನಾದರೂ ಹೇಳಿದರೆ ಯಾಕೆ, ಏನು ಅಂತ ಕೇಳಬಾರದು, ಮೊದಲು ಮಾಡಬೇಕು. ಬಿರುಗಾಳಿಯಲ್ಲಿ ವಾದ ಮಾಡುತ್ತಾ ಕೂತು ಎರಡು ಹಡಗು ಮುಳುಗಿದ ಮೇಲೆ ಮಾಡಿದ ಕಾನೂನು ಅದು.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತಳು. ಪಾಸ್‌ವರ್ಡ್ ತಪ್ಪು ಎಂದಿತು. ಬೆರಳು ತಪ್ಪಿರಬೇಕೆಂದು ನಿಧಾನವಾಗಿ ಮತ್ತೆ ಒತ್ತಿದಳು. ತಪ್ಪು. ಪಾಸ್‌ವರ್ಡ್ ಬದಲಿಸೋಣವೆಂದು ಮೇಲ್ ತೆರೆಯಲು ಹೋದರೆ ಅದೂ ಒಳಗೆ ಬಿಡಲಿಲ್ಲ. ತನ್ನ ಮನೆಯ ಬಾಗಿಲಲ್ಲಿ ನಿಂತು 'ನೀನು ಯಾರು' ಎಂದು ಕೇಳಿಸಿಕೊಂಡ ಹಾಗಾಯಿತು. ಅಷ್ಟರಲ್ಲಿ ಡ್ರೈವರ್ ಫೋನ್ ಮಾಡಿದ.

"ಕ್ಯಾಪ್ಟನ್ನಮ್ಮ, ನಿಮಗೇನಾದ್ರೂ ಹುಷಾರಿಲ್ವಾ?"

"ಯಾಕೆ?"

"ಬೆಳಿಗ್ಗೆ ನಿಮ್ಮಿಂದ ಒಂದು ಮೆಸೇಜ್ ಬಂತು. 'ಆತ್ಮೀಯ ಸ್ನೇಹಿತರೇ, ತಮ್ಮ ದೂರವಾಣಿಗೆ ಬಂದಿರುವ ಆರು ಅಂಕಿಗಳನ್ನು ದಯಮಾಡಿ ಕಳುಹಿಸಿಕೊಡಿ' ಅಂತ. ಎಂಟು ವರ್ಷದಲ್ಲಿ ನೀವು ನಂಗೆ ಒಂದ್ಸಲ ಆದ್ರೂ ದಯಮಾಡಿ ಅಂದಿದ್ದೀರಾ? 'ಏಯ್, ಎಡಕ್ಕೆ ತಿರುಗಿಸೋ' ಅಂತಲ್ವಾ ನಿಮ್ಮ ಮಾತು? ಅನುಮಾನ ಬಂತು, ಕೊಡಲಿಲ್ಲ."

"ಆರು ಅಂಕಿ ಯಾವುದು?"

"ಅದೇ, ಪಾಸ್‌ವರ್ಡ್ ಮರೆತೋಯ್ತು ಅಂದ್ರೆ ಆಟದವರು ಫೋನಿಗೆ ಕಳಿಸ್ತಾರಲ್ಲ, ಆ ಕೋಡು. ಯಾರೋ ನನ್ನ ಅಕೌಂಟಿಗೂ ಕೈ ಹಾಕಿದಾರೆ ಅಂತ ಆಯ್ತು. ನರ್ಸಮ್ಮ ಡ್ಯೂಟಿಲಿದ್ರಂತೆ, ಮೆಸೇಜೇ ನೋಡಿಲ್ಲ. ಆದ್ರೆ ತಾತ ಕೊಟ್ಟುಬಿಟ್ಟಿದಾರೆ. ಅವರ ಅಕೌಂಟೂ ಹೋಯ್ತು."

ಅವಳು ತಕ್ಷಣ ತಾತನಿಗೆ ಫೋನ್ ಮಾಡಿದಳು. ಎತ್ತಿದವರು ಸೊಸೆ. "ಮಾವ ಬೆಳಗ್ಗಿಂದ ಮಾತೇ ಆಡ್ತಿಲ್ಲ, ಗೋಡೆ ಕಡೆ ತಿರುಗಿ ಮಲಗಿದಾರೆ" ಎಂದು ಹೇಳಿ ಫೋನನ್ನು ಅವರ ಕಿವಿಗೆ ಹಿಡಿದರು.

"ನಿನ್ನ ಹೆಸರಲ್ಲಿ ಬಂತು. ಕೊಟ್ಟೆ" ಎಂದರು ತಾತ.

"ತಾತ, ಅದು ನಾನಲ್ಲ."

"ಈಗ ಗೊತ್ತಾಯ್ತು. ಆಗ ನೀನೇ ಆಗಿದ್ದೆ. ಕ್ಯಾಪ್ಟನ್ ಹೇಳಿದ್ರೆ ಯಾಕೆ ಅಂತ ಕೇಳಬಾರದು ಅಂದವಳೂ ನೀನೇ." ಇಷ್ಟು ಹೇಳಿ ಫೋನ್ ಇಡಿಸಿಬಿಟ್ಟರು.

ಸೆಟ್ಟಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಹಡಗು ಹೋದರೆ ಹೋಗಲಿ, ಇನ್ನೊಂದು ಕಟ್ಟಬಹುದು. ಆದರೆ ಯಾವನೋ ಮುಖವಿಲ್ಲದವನು ತನ್ನ ಹೆಸರನ್ನು ಮೈಮೇಲೆ ಹೊದ್ದುಕೊಂಡು, ಹಾಸಿಗೆ ಹಿಡಿದ ಮುದುಕರೊಬ್ಬರ ಹತ್ತಿರ ಹೋಗಿ, ಅವರ ನಂಬಿಕೆಯನ್ನೇ ಸನ್ನೆಕೋಲು ಮಾಡಿ ಬಾಗಿಲು ಮೀಟಿದ್ದ. ಅವಳು ಎದ್ದು ಮನೆಯೊಳಗೆ ಹಿಂದೆ ಮುಂದೆ ಓಡಾಡತೊಡಗಿದಳು.

"ಮನೆಗೆ ಕನ್ನ ಬಿದ್ದ ಹಾಗೆ ಆಡ್ತಿದೀಯಲ್ಲೇ" ಎಂದಳು ಅಕ್ಕ.

"ಕನ್ನಾನೇ ಅಕ್ಕ. ಗೋಡೆ ಕಾಣಲ್ಲ, ಅಷ್ಟೇ ವ್ಯತ್ಯಾಸ."

ಮಾರನೆಯ ದಿನ ಲ್ಯಾಬಿನಲ್ಲಿ ಕೋರೆಹಲ್ಲೊಂದನ್ನು ಮೇಣಕ್ಕೆ ಕೂರಿಸುವಾಗ ಅವಳ ಕೈ ನಡುಗಿತು. ಹಲ್ಲು ಜಾರಿ ಮೇಜಿನ ಕೆಳಗೆ ಉರುಳಿತು. ಬಾಗಿಲಲ್ಲಿ ನಿಂತಿದ್ದ ಡಾಕ್ಟರು ವಿಷಯ ಕೇಳಿ ನಕ್ಕರು. "ಆಟ ತಾನೇ? ಅದಕ್ಕೆ ಇಷ್ಟೊಂದು ಯಾಕೆ ತಲೆ ಕೆಡಿಸ್ಕೋತೀರಿ?"

ಸೆಟ್ಟಕ್ಕ ಮಂಡಿಯೂರಿ ಹಲ್ಲು ಹುಡುಕುತ್ತಿದ್ದವಳು ಹಾಗೇ ತಲೆಯೆತ್ತಿದಳು. "ಡಾಕ್ಟ್ರೇ, ಯಾರೋ ನಿಮ್ಮ ಕೋಟು ಹಾಕ್ಕೊಂಡು, ನಿಮ್ಮ ಹೆಸರು ಹೇಳ್ಕೊಂಡು ಹೋಗಿ, ನಿಮ್ಮ ಪೇಷಂಟಿನ ಗಟ್ಟಿ ಹಲ್ಲು ಕಿತ್ತು ಬಂದ್ರೆ, 'ಹಲ್ಲು ತಾನೇ' ಅಂತೀರಾ?"

ಡಾಕ್ಟರ ನಗು ನಿಂತಿತು. ಅವರು ಮೆಲ್ಲಗೆ ತಮ್ಮ ಕೋಣೆಗೆ ಹೋದರು.

ಆಟದ ಕಂಪನಿಗೆ ಅವಳು ಕ್ಲಿನಿಕ್ಕಿನ ಮೇಲ್‌ನಿಂದ ಬರೆದಳು. 'ಪ್ರಿಯ ಆಟಗಾರರೇ, ನಿಮ್ಮ ತಾಳ್ಮೆಗೆ ವಂದನೆಗಳು' ಎಂದು ಉತ್ತರ ಬಂತು. ಅವಳು ಯಾವ ತಾಳ್ಮೆಯನ್ನೂ ತೋರಿಸಿರಲಿಲ್ಲ. ಇನ್ನೊಂದು ಬರೆದಳು, ಅದೇ ಉತ್ತರ. ಮೂರನೆಯದಕ್ಕೂ ಅದೇ. ಗೋಡೆಗೆ ಮಾತಾಡಿದರೆ ಪ್ರತಿಧ್ವನಿಯಾದರೂ ತನ್ನ ದನಿಯಲ್ಲೇ ಬರುತ್ತದೆ, ಇಲ್ಲಿ ಅದೂ ಇಲ್ಲ ಎಂದು ಹಲ್ಲು ಕಡಿದಳು. ನಾಲ್ಕನೆಯ ಸಲ ಯಾರೋ ಮನುಷ್ಯರು ಓದಿರಬೇಕು, ಅಕೌಂಟ್ ತೆರೆದ ತಿಂಗಳು, ಮೊದಲ ದೋಣಿಯ ಹೆಸರು, ಹಳೆಯ ಪಾಸ್‌ವರ್ಡ್ ಎಲ್ಲ ಕೇಳಿದರು. ಕಾಲು ಮುರಿದ ತಿಂಗಳನ್ನು ಯಾರು ಮರೆಯುತ್ತಾರೆ? ಎಲ್ಲವನ್ನೂ ಬರೆದು ಕಳಿಸಿದಳು.

ಬುಧವಾರ ಅರ್ಧ ದಿನ ರಜೆ ಹಾಕಿ, ಕಂಪ್ಯೂಟರಿನ ಡಬ್ಬವನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋದಳು. ಅಂಗಡಿಯ ಯಜಮಾನಿ ಇನ್ನೂ ಮೂವತ್ತರ ಒಳಗಿನವಳು, ಪೆನ್ಸಿಲ್ ಕಚ್ಚುತ್ತಾ ಪರದೆ ನೋಡುವ ಅಭ್ಯಾಸದವಳು. ಒಂದು ಗಂಟೆ ತಡಕಾಡಿ ಪೆನ್ಸಿಲನ್ನು ಬಾಯಿಂದ ತೆಗೆದಳು.

"ಮೇಡಂ, ಇದು ಬೀಗ ಒಡೆದು ಒಳಗೆ ಬಂದಿದ್ದಲ್ಲ. ನಿಮ್ಮನೇಲಿ ಯಾರೋ ಬಾಗಿಲು ತೆಗೆದು, ಬನ್ನಿ ಕೂತ್ಕೊಳ್ಳಿ ಅಂತ ಕರೆದಿದ್ದು." ಪರದೆಯ ಮೇಲೆ ಬೆರಳಿಟ್ಟಳು. "ಹೋದ ಗುರುವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. 'ಹಡಗಿನ ಆಟಕ್ಕೆ ಉಚಿತ ಚಿನ್ನ' ಅಂತ ಒಂದು ಫೈಲು ಇಳಿಸ್ಕೊಂಡಿದಾರೆ. ಚಿನ್ನಾನೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಬಂದು ನೀವು ಉಳಿಸಿಟ್ಟಿದ್ದ ಪಾಸ್‌ವರ್ಡೆಲ್ಲಾ ಗುಡಿಸ್ಕೊಂಡು ಹೋಗೋ ಪ್ರೋಗ್ರಾಂ ಅದು."

"ವೈರಸ್ ತಡೆಯೋದು ಹಾಕಿಸಿದ್ದೆನಲ್ಲ?"

"ಅದು ಮೂರು ಸಲ ಕೂಗಿದೆ, ಬೇಡ ಬೇಡ ಅಂತ. ಯಾರೋ ಅದನ್ನೇ ಆಫ್ ಮಾಡಿದಾರೆ." ಹುಡುಗಿ ಕೇಳಿದಳು. "ಮೇಡಂ, ಆಟಕ್ಕೂ ಮೇಲ್‌ಗೂ ಒಂದೇ ಪಾಸ್‌ವರ್ಡಾ?"

ಸೆಟ್ಟಕ್ಕ ಟವೆಲ್ಲು ಮಡಚತೊಡಗಿದಳು.

"ಎರಡನೇ ಬೀಗ? ಹೊಸ ಕಡೆಯಿಂದ ಯಾರಾದ್ರೂ ಒಳಗೆ ಬಂದ್ರೆ ಫೋನಿನಲ್ಲೂ ಒಪ್ಪಿಗೆ ಕೇಳೋದು? ಹಾಕಿರಲಿಲ್ವಾ?"

"ಆಮೇಲೆ ಹಾಕೋಣ ಅಂತ..."

"ಎಲ್ರೂ ಹಾಗೇ ಅಂತಾರೆ" ಎಂದಳು ಹುಡುಗಿ. ಅವಳ ದನಿಯಲ್ಲಿ ಹೀಯಾಳಿಕೆ ಇರಲಿಲ್ಲ, ಅದೇ ಸೆಟ್ಟಕ್ಕನನ್ನು ಹೆಚ್ಚು ಚುಚ್ಚಿತು. ಆಟ ತೆರೆದಾಗಲೆಲ್ಲ ಆ ಎರಡನೇ ಬೀಗದ ಸೂಚನೆ ಬರುತ್ತಿತ್ತು, ಅವಳು ನೊಣ ಓಡಿಸಿದ ಹಾಗೆ ಅದನ್ನು ಓಡಿಸುತ್ತಿದ್ದಳು. ಒಂದು ಸೆಟ್ಟನ್ನು ನಾಲ್ಕು ಸಲ ಕಚ್ಚಿಸಿ ನೋಡದೆ ಹೊರಗೆ ಕಳಿಸದವಳು, ನಾಲ್ಕು ಜನರ ಹಡಗಿಗೆ ಸುತ್ತಿಗೆಯೇಟಿಗೂ ತಾಳದ ಬೀಗ ಹಾಕಿ ಎಂಟು ವರ್ಷ ಕೂತಿದ್ದಳು. ಬಸ್ಸಿನಲ್ಲಿ ಬರುವಾಗ ಅವಳ ಸಿಟ್ಟು ಅರ್ಧ ತನ್ನ ಮೇಲೇ ತಿರುಗಿತ್ತು. ಉಳಿದರ್ಧ ಗುರುವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಮನೆಯಲ್ಲಿ ಯಾರಿದ್ದರು ಎಂದು ಲೆಕ್ಕ ಹಾಕುತ್ತಿತ್ತು. ಅಕ್ಕ ಶಾಲೆಯಲ್ಲಿ. ತಾನು ಲ್ಯಾಬಿನಲ್ಲಿ. ಮನೆಯಲ್ಲಿದ್ದವರು ಒಬ್ಬರೇ.

ಭಾವ ಊಟದ ಮೇಜಿನ ಮುಂದೆ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸುತ್ತಾ ಕೂತಿದ್ದರು. ಅವರ ಕೆಳಗಿನ ಸೆಟ್ ಶುಕ್ರವಾರ ಬಿರುಕು ಬಿಟ್ಟಿತ್ತು, ಸರಿಮಾಡಲು ಸೆಟ್ಟಕ್ಕನೇ ಲ್ಯಾಬಿಗೆ ಒಯ್ದಿದ್ದಳು.

"ಭಾವ, ಗುರುವಾರ ಕಂಪ್ಯೂಟರಲ್ಲಿ ಏನು ಇಳಿಸ್ಕೊಂಡ್ರಿ?"

"ನಾನಾ? ಕೀಲಿಮಣೆ ಮುಂದೆ ಕೂತೇ ಕೂದಲು ಬೆಳ್ಳಗೆ ಮಾಡ್ಕೊಂಡವನು ನಾನು. ನಂಗೆ ಗೊತ್ತಿಲ್ವಾ ಯಾವುದು ಇಳಿಸ್ಬೇಕು, ಯಾವುದು ಬಿಡ್ಬೇಕು ಅಂತ?"

"ಉಚಿತ ಚಿನ್ನ."

ಬ್ರೆಡ್ಡಿನ ತುಂಡು ಹಾಲಿನೊಳಗೆ ಬಿತ್ತು. "ಅದಾ... ಅದು ತೆರೆದುಕೊಳ್ಳಲೇ ಇಲ್ಲ. ಸುಮ್ನೆ ಕೆಂಪು ಅಕ್ಷರದಲ್ಲಿ ಏನೇನೋ ಬಂತು."

"ಅಪಾಯ ಅಂತ ಬಂತು. ನೀವೇನು ಮಾಡಿದ್ರಿ?"

"ಪದೇ ಪದೇ ಕೂಗ್ತಾ ಇತ್ತು. ಬಾಯಿ ಮುಚ್ಚಿಸಿದೆ. ಫೈಲು ಕಳಿಸಿದವರೇ ಬರೆದಿದ್ರು, ಅದನ್ನ ಆಫ್ ಮಾಡಿದ್ರೇನೇ ಚಿನ್ನ ಬರೋದು ಅಂತ."

"ಕಳ್ಳ ಬಂದ ಅಂತ ನಾಯಿ ಬೊಗಳಿದ್ರೆ, ಕಳ್ಳನ ಮಾತು ಕೇಳಿ ನಾಯಿ ಬಾಯಿಗೆ ಬಟ್ಟೆ ತುರುಕಿದ್ರಾ ಭಾವ?" ಅವಳ ದನಿ ಬೀದಿಗೆ ಕೇಳಿಸುವಷ್ಟು ಏರಿತ್ತು. "ಅಷ್ಟಕ್ಕೂ ನಿಮಗ್ಯಾಕೆ ಚಿನ್ನ? ನೀವು ಆಡೋದು ಇಸ್ಪೀಟು!"

ಭಾವ ಚಮಚದಿಂದ ಬ್ರೆಡ್ಡಿನ ತುಂಡನ್ನು ಮೇಲೆತ್ತಿದರು. ಆಮೇಲೆ ಗೋಡೆಗೆ ಹೇಳುವವರಂತೆ ಹೇಳಿದರು. "ನಾನೂ ಒಂದು ದೋಣಿ ಮಾಡ್ಕೊಂಡಿದೀನಿ. ಮೂರು ವರ್ಷ ಆಯ್ತು. 'ನಿನ್ನ ಹಡಗಿಗೆ ಸೇರಿಸ್ಕೋ' ಅಂದೆ, 'ನೀವು ಎಲ್ಲರ ಮೇಲೂ ದರ್ಬಾರು ಮಾಡ್ತೀರಿ, ಬೇಡ' ಅಂತ ನೀನಂದೆ. ಒಬ್ಬನೇ ಎಷ್ಟು ದೂರ ಹೋಗೋಕಾಗುತ್ತೆ? ಚಿನ್ನ ಇದ್ರೆ ದೊಡ್ಡದು ಮಾಡ್ಬಹುದು ಅಂತ..."

ಅವರೇ ದೋಣಿ ಮಾಡಿಕೊಂಡದ್ದು ಸೆಟ್ಟಕ್ಕನಿಗೆ ಗೊತ್ತಿರಲಿಲ್ಲ. ಮೂರು ವರ್ಷ, ತಾನು ಲ್ಯಾಬಿಗೆ ಹೋದಾಗೆಲ್ಲ ತನ್ನ ಕಂಪ್ಯೂಟರಿನಲ್ಲಿ ಒಬ್ಬರೇ ಹುಟ್ಟು ಹಾಕುತ್ತಿದ್ದ ಮನುಷ್ಯನನ್ನು ನೆನೆದು ಒಂದು ಗಳಿಗೆ ಪಾಪ ಎನಿಸಿತು. ಆದರೆ ಸಿಟ್ಟು ಇಳಿಯಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ ಇನ್ನೊಬ್ಬ ಮುದುಕರು ಕಣ್ಣ ಮುಂದಿದ್ದರು.

"ತಾತನಿಗೆ ಫೋನ್ ಮಾಡಿ, ಇದು ನಾನು ಮಾಡಿದ್ದು ಅಂತ ನೀವೇ ಹೇಳ್ಬೇಕು."

"ನಾನಾ? ಮುಖ ಪರಿಚಯ ಇಲ್ಲದವನಿಗೆ? ಆಗಲ್ಲ."

"ಆಗದಿದ್ರೆ ಬಿಡಿ. ಸೆಟ್ಟೂ ಆಗಲ್ಲ."

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಭಾವನಿಗೆ ಇನ್ನೂ ನಾಲ್ಕು ದಿನ ಹಲ್ಲಿಲ್ಲದೆ ಉಳಿದಿದ್ದು ಹಾಲು ಬ್ರೆಡ್ಡು ಮಾತ್ರ. ಸರಿಮಾಡಿದ ಸೆಟ್ ಸೆಟ್ಟಕ್ಕನ ಚೀಲದಲ್ಲೇ ಇತ್ತು. ಅದು ತಪ್ಪೆಂದು ಅವಳಿಗೂ ಗೊತ್ತಿತ್ತು, ಇಪ್ಪತ್ತೆರಡು ವರ್ಷದಲ್ಲಿ ಯಾರ ಹಲ್ಲನ್ನೂ ಒತ್ತೆಯಿಟ್ಟುಕೊಂಡವಳಲ್ಲ. ಅಕ್ಕ ಇಬ್ಬರ ನಡುವೆ ಓಡಾಡಿ ಸೋತು, "ನೀವಿಬ್ರೂ ಏನಾದ್ರೂ ಮಾಡ್ಕೊಳ್ಳಿ" ಎಂದು ಕೈ ಚೆಲ್ಲಿದಳು. ಐದನೆಯ ದಿನ ಬೆಳಿಗ್ಗೆ ಭಾವ ಫೋನನ್ನು ತಾವೇ ತಂದು ಮುಂದೆ ಇಟ್ಟರು.

ಸೆಟ್ಟಕ್ಕ ಸ್ಪೀಕರ್ ಹಾಕಿ ಫೋನ್ ಮಾಡಿದಳು, ತಾತ ಎತ್ತಿದರು. ಭಾವ ಬೊಚ್ಚುಬಾಯಲ್ಲಿ ಒಂದೇ ಉಸಿರಿಗೆ ತಮ್ಮ ತಪ್ಪನ್ನೆಲ್ಲ ಹೇಳಿ ಮುಗಿಸಿದರು. ಆ ಕಡೆಯಿಂದ ತಾತನ ದನಿ: "ಏನಂತಾನೆ ಇವನು? ಒಂದಕ್ಷರ ತಿಳೀಲಿಲ್ಲ. ಹಲ್ಲು ಹಾಕ್ಕೊಂಡು ಮಾತಾಡೋಕೆ ಹೇಳು."

ಸೆಟ್ಟಕ್ಕ ಬೇರೆ ದಾರಿ ಕಾಣದೆ ಚೀಲದಿಂದ ಸೆಟ್ ತೆಗೆದು ಕೊಟ್ಟಳು. ಭಾವ ಹಾಕಿಕೊಂಡು, ದವಡೆ ಎರಡು ಸಲ ಆಡಿಸಿ, ಮತ್ತೆ ಮೊದಲಿಂದ ಹೇಳಿದರು. ಎರಡನೆಯ ಸಲ ಹೇಳುವುದು ಅವರಿಗೆ ಹೆಚ್ಚು ಕಷ್ಟವಾಯಿತು. ಕಿವಿ ಕೆಂಪಾಗಿತ್ತು.

"ವಯಸ್ಸೆಷ್ಟು ನಿನಗೆ?" ಎಂದು ತಾತ ಕೇಳಿದರು.

"ಅರವತ್ತೇಳು."

"ನಂಗೆ ಎಂಬತ್ತೊಂದು. ಇಬ್ರೂ ಮೋಸ ಹೋದ್ವಿ. ನಾನು ನಂಬಿ ಹೋದೆ, ನೀನು ಆಸೆಗೆ ಹೋದೆ. ಇಡು ಫೋನು."

ಹತ್ತೊಂಬತ್ತನೆಯ ದಿನ ಕಂಪನಿಯವರು ಅವಳ ಅಕೌಂಟನ್ನು ವಾಪಸ್ ಕೊಟ್ಟರು. ಅವಳು ರಿಪೇರಿ ಹುಡುಗಿ ಹೇಳಿದ ಹಾಗೆ ಮೊದಲು ಮೇಲ್ ಸರಿಮಾಡಿಕೊಂಡು, ಲಾಗಿನ್ ಆಗಿದ್ದ ಎಲ್ಲ ಕಡೆಯಿಂದಲೂ ಹೊರಬಂದು, ಪೂರ್ತಿ ಅಳಿಸಿ ಶುದ್ಧ ಮಾಡಿದ ಕಂಪ್ಯೂಟರಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇಟ್ಟು, ಎರಡನೇ ಬೀಗವನ್ನೂ ಹಾಕಿ, ಆಮೇಲೆ ಹಡಗಿಗೆ ಕಾಲಿಟ್ಟಳು. ಹಾಯಿಗಳಿಲ್ಲ, ತೋಪುಗಳಿಲ್ಲ, ಕಳ್ಳ ಮಾರಬಹುದಾದ್ದನ್ನೆಲ್ಲ ಮಾರಿ ಮೂಳೆ ಮಾತ್ರ ಬಿಟ್ಟಿದ್ದ. ಹಡಗಿನ ದಿನಚರಿಯನ್ನೂ ಅಳಿಸಿದ್ದ. ಆರು ವರ್ಷ ಹಾಸಿಗೆಯ ಮೇಲಿಂದ ತಾತ ಪ್ರತಿದಿನ ಬರೆದಿಟ್ಟ ಗಾಳಿಯ ಟಿಪ್ಪಣಿಗಳು ಅದರಲ್ಲಿದ್ದವು. ಮಾರಿದರೆ ಕಾಸೂ ಹುಟ್ಟದ ಅದನ್ನು ಯಾಕೆ ಅಳಿಸಿದ? ಸೆಟ್ಟಕ್ಕ ಮುಷ್ಟಿಯಿಂದ ಮೇಜು ಗುದ್ದಿದಳು.

ತಾತನ ಅಕೌಂಟ್ ಸಿಗಲೇ ಇಲ್ಲ. ಅದನ್ನು ಯಾವಾಗಲೋ ಮೊಮ್ಮಗಳು ತೆರೆದುಕೊಟ್ಟದ್ದು, ಯಾವ ಮೇಲ್‌ನಿಂದ ಎಂದು ಅವಳಿಗೂ ನೆನಪಿಲ್ಲ. ಪುರಾವೆ ಸಾಲದು ಎಂದು ಕಂಪನಿ ಕಡತ ಮುಚ್ಚಿತು. ಸೆಟ್ಟಕ್ಕ ತಾತನ ಪರವಾಗಿ ಹನ್ನೊಂದು ಪತ್ರ ಬರೆದಳು. ಕೊನೆಗೆ, ಕದ್ದವನು ಯಾರೆಂದಾದರೂ ತಿಳಿಸಿ ಎಂದು ಕೇಳಿದ್ದಕ್ಕೆ, 'ಬಳಕೆದಾರರ ಗೌಪ್ಯತೆಯ ದೃಷ್ಟಿಯಿಂದ ತಿಳಿಸಲಾಗದು' ಎಂದು ಬಂತು. ಕಳ್ಳನಿಗೆ ಗೌಪ್ಯತೆ! ಅದನ್ನು ಓದಿ ಅವಳು ನಗಬೇಕೋ ಚೀರಬೇಕೋ ತಿಳಿಯದೆ, ಡಾಕ್ಟರಿಗೆ ರಜೆ ಹೇಳಿ, ಎರಡು ಬಸ್ಸು ಬದಲಿಸಿ ತಾತನ ಮನೆಗೆ ಹೋದಳು.

ಆ ದೊಡ್ಡ ದನಿ ಅಷ್ಟು ಸಣ್ಣ ದೇಹದಿಂದ ಬರುತ್ತಿತ್ತೆಂದು ಅವಳು ಎಣಿಸಿರಲಿಲ್ಲ. ಹಾಸಿಗೆಗೆ ಅಡ್ಡಲಾಗಿ ಒಂದು ಹಲಗೆ, ಅದರ ಮೇಲೆ ಬಿಚ್ಚಿದ ಕೈಗಡಿಯಾರ, ಚಿಮುಟ, ಕಣ್ಣಿಗೆ ಸಿಕ್ಕಿಸುವ ಭೂತಗಾಜು. ಸೊಸೆ ಕುರ್ಚಿ ಹಾಕಿಕೊಟ್ಟು ಒಳಗೆ ಹೋದರು.

"ನೀನೇನಾ?" ಎಂದರು ತಾತ. "ನಾನು ಇನ್ನೂ ಎತ್ತರ ಇರ್ತೀಯ ಅಂದ್ಕೊಂಡಿದ್ದೆ."

"ಹೊಸ ಅಕೌಂಟ್ ಮಾಡೋಣ ತಾತ."

"ನಂಗೆ ಬೇಡ. ಆರು ವರ್ಷದ್ದು ಹೋಯ್ತು. ಇನ್ನು ಆರು ವರ್ಷ ನನ್ನ ಹತ್ರ ಇಲ್ಲ."

"ಬೇಡ ಅನ್ನೋಕೆ ನೀವ್ಯಾರು? ಎಲ್ರೂ ಸೇರಿ ಹಡಗಿಗೆ ಒಂದು ಹಾಯಿ ಕಟ್ಟಿದೀವಿ, ದಿಕ್ಕು ನೋಡೋರೇ ಇಲ್ಲ. ಡ್ರೈವರ್ ಎರಡು ಸಲ ಬಂಡೆಗೆ ಗುದ್ದಿದಾನೆ." ಅವಳ ದನಿ ಒರಟಾಗಿತ್ತು, ಕಣ್ಣು ತುಂಬಿತ್ತು. "ತಪ್ಪು ನಂದೂ ಇದೆ. ಬೀಗ ಸರಿಯಾಗಿ ಹಾಕಲಿಲ್ಲ. ಯಾಕೆ ಅಂತ ಕೇಳಬಾರದು ಅನ್ನೋ ಕಾನೂನು ಮಾಡಿದ್ದೂ ನಾನೇ. ಅದನ್ನ ತೆಗೆದುಹಾಕಿದೀನಿ. ಇನ್ಮೇಲೆ ಕೇಳಿ. ಬಿರುಗಾಳಿ ಇದ್ರೂ ಕೇಳಿ."

ತಾತ ಚಿಮುಟ ಕೆಳಗಿಟ್ಟರು. ಫೋನನ್ನು ಅವಳ ಕಡೆ ತಳ್ಳಿದರು. ಮೇಲ್ ಹೊಸದಾಯಿತು, ಅಕೌಂಟ್ ಹೊಸದಾಯಿತು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಉದ್ದ ಪದ ಸೇರಿಸಿ ಪಾಸ್‌ವರ್ಡ್ ಮಾಡಿ ಎಂದು ಹೇಳಿ ಸೆಟ್ಟಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ತಾತ ಚಿಮುಟದ ಹಿಂಬದಿಯಿಂದ ಒಂದೊಂದೇ ಅಕ್ಷರ ಒತ್ತಿದರು.

"ನಿನಗೂ ಹೇಳಲ್ಲ."

"ಹೇಳಬೇಡಿ."

"ಕೇಳಿದ್ರೂ ಹೇಳಲ್ಲ."

"ಕೇಳಿದ್ರೆ ಅದು ನಾನಲ್ಲ ಅಂತ ತಿಳ್ಕೊಳ್ಳಿ. ಫೋನಿಗೆ ಬರೋ ಕೋಡೂ ಅಷ್ಟೇ, ನಾನೇ ಎದುರಿಗೆ ಬಂದು ಕಾಲಿಗೆ ಬಿದ್ರೂ ಕೊಡ್ಬೇಡಿ."

ಹೊಸಬರು ಮೊದಲ ವಾರ ಹಡಗಿನ ನೆಲ ಒರೆಸಬೇಕೆಂಬುದು ಆ ಆಟದ ನಿಯಮ, ಯಾರಿಗೂ ರಿಯಾಯಿತಿಯಿಲ್ಲ. ತಾತನ ಕೈಗೆ ಬಕೆಟ್ಟು ಬಂತು. ಅವರು ಬುಸುಗುಡುತ್ತಾ ಒರೆಸಿದರು. ಎಂಬತ್ತೊಂದನೇ ವಯಸ್ಸಿಗೆ ಇದೂ ಬಂತಲ್ಲ ಎಂದು ಕಳ್ಳನನ್ನು, ಕಂಪನಿಯನ್ನು, ಭಾವನನ್ನು, ಅವಳನ್ನು, ಒಬ್ಬರನ್ನೂ ಬಿಡದೆ ಬೈದರು. ಸೆಟ್ಟಕ್ಕ ಪಕ್ಕದ ಕುರ್ಚಿಯಲ್ಲಿ ಕೂತು, ತನ್ನ ಫೋನಿನಲ್ಲಿ ಆಟ ತೆರೆದು, ಹಡಗಿನ ಮೇಲೆ ನಿಂತು ಕೇಳಿಸಿಕೊಂಡಳು.

"ಆ ಕಳ್ಳ ಸಿಕ್ಕಿದ್ನಾ?"

"ಇಲ್ಲ ತಾತ."

"ಸಿಗ್ತಾನಾ?"

"ಸಿಗಲ್ಲ ಅನ್ಸುತ್ತೆ."

ತಾತ ಇನ್ನೊಂದು ಬಕೆಟ್ಟು ಸುರಿದರು. "ಗಾಳಿ ಯಾವ ಕಡೆ ಇದೆ ನೋಡಿ ಹೇಳು. ಬಕೆಟ್ ಹಿಡಿದೋರಿಗೆ ಅದೂ ಕಾಣಲ್ಲ ಇಲ್ಲಿ."

"ವಾಯವ್ಯದಿಂದ."

"ಜೋರಾ?"

"ಸಾಧಾರಣ."

"ಹಾಯಿ ಬಿಚ್ಚಬೇಡ ಇನ್ನೂ" ಎಂದರು ತಾತ. ಅವಳು ಯಾಕೆಂದು ಕೇಳಿದಳು, ಅವರು ಹೇಳತೊಡಗಿದರು.